ಘಾಟಿ ಹತ್ತುವಾಗ ತಡವರಿಸುವ ಗೇರು

ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ತಿರುವುಗಳನ್ನು ಹತ್ತುವಾಗ ನಮ್ಮ ಹಳೆಯ ಆಟೋಮ್ಯಾಟಿಕ್ ಕಾರು ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹೋಗಲು ತಡವರಿಸುತ್ತಿತ್ತು. ಎಂಜಿನ್ ಜೋರಾಗಿ ಕೂಗಿದ ಮೇಲೆ ಧಡಕ್ಕನೆ ಗೇರು ಬೀಳುತ್ತಿತ್ತು. ಶಿವಮೊಗ್ಗದ ಗ್ಯಾರೇಜೊಂದರಲ್ಲಿ ಕೂಡಲೇ ಗೇರ್‌ಬಾಕ್ಸ್ ಬಿಚ್ಚಬೇಕೆಂದರು. ನನ್ನ ಪ್ರಕಾರ ಅದು ಕಟ್ಟಕಡೆಗೆ ಆಡಬೇಕಾದ ಮಾತು.

ಮೊದಲು ನೋಡಬೇಕಾದದ್ದು ಗೇರ್‌ಬಾಕ್ಸಿನ ಆಯಿಲ್. ಅಳತೆ ಕಡ್ಡಿಯಿರುವ ಕಾರುಗಳಲ್ಲಿ ಗೇರ್‌ಬಾಕ್ಸ್ ಬಿಸಿಯಾದ ನಂತರ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಅಳೆಯಬೇಕು (ಮಲೆನಾಡಿನಲ್ಲಿ ಅಂಥ ಜಾಗ ಹುಡುಕುವುದೇ ಅರ್ಧ ಕೆಲಸ); ಎಂಜಿನ್ ಓಡುತ್ತಿರಬೇಕೇ, ಆರಿಸಿರಬೇಕೇ ಎಂಬುದನ್ನು ಆಯಾ ಕಾರಿನ ಕೈಪಿಡಿಯೇ ಹೇಳುತ್ತದೆ. ಆಯಿಲ್ ಕಡಿಮೆಯಿದ್ದರೆ ಒತ್ತಡ ಸಾಲದೆ ಗೇರ್‌ಬಾಕ್ಸಿನೊಳಗಿನ ಕ್ಲಚ್ ಜಾರುತ್ತದೆ. ಬಿಳಿ ಬಟ್ಟೆಗೆ ಒರೆಸಿದಾಗ ಅದು ಕಪ್ಪಾಗಿ ಕಂಡು ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟುಗಳು ಸವೆದಿರುವ ಸಂಭವವಿದೆ. ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆಯೆಂದೇ ತಿಳಿಯಬೇಕು.

ನಮ್ಮ ಆಯಿಲ್ ತುಸು ಕಂದಾಗಿತ್ತೇ ಹೊರತು ಸುಟ್ಟಿರಲಿಲ್ಲ. ಎಲ್ಲ ಗೇರುಗಳೂ ತಡವರಿಸಿದರೆ ಆಯಿಲ್ ಅಥವಾ ಪಂಪಿನ ಒತ್ತಡವನ್ನು ಶಂಕಿಸಬೇಕು. ಒಂದೇ ಬದಲಾವಣೆಯಲ್ಲಿ ತೊಂದರೆಯಾದರೆ ಅದಕ್ಕೆ ಸಂಬಂಧಿಸಿದ ಸೊಲೆನಾಯ್ಡ್ (ಆಯಿಲಿನ ಹರಿವನ್ನು ನಿಯಂತ್ರಿಸುವ ವಿದ್ಯುತ್ ಕವಾಟ) ಅಥವಾ ಕ್ಲಚ್ಚಿನತ್ತ ನೋಡಬೇಕು. ಸ್ಕ್ಯಾನರ್ ಹಾಕಿದಾಗ ಪಿ0700 ಎಂಬ ಕೋಡ್ ಬಂತು. ಗೇರ್‌ಬಾಕ್ಸ್‌ನ ಕಂಪ್ಯೂಟರಿನಲ್ಲಿ ಬೇರೊಂದು ದೋಷ ದಾಖಲಾಗಿದೆಯೆಂಬುದಷ್ಟೇ ಅದರ ಅರ್ಥ. ಒಳಗಿನ ಕೋಡನ್ನೂ ಓದಬಲ್ಲ ಸ್ಕ್ಯಾನರ್ ತರಿಸಿದ ಮೇಲೆಯೇ ಸೊಲೆನಾಯ್ಡಿನ ಹೆಸರು ಹೊರಬಿತ್ತು. ಅದರ ಕನೆಕ್ಟರ್ ಕಳಚಿದರೆ ಮಳೆಗಾಲದ ತೇವಕ್ಕೆ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಅದನ್ನು ಶುಚಿಗೊಳಿಸಿ, ಆಯಿಲನ್ನೂ ಬದಲಿಸಿದೆವು. ಒಮ್ಮೆ ಇಳಿಸಿದರೆ, ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನಲ್ಲಿರುವ ಹಳೆಯ ಆಯಿಲ್ ಉಳಿದೇ ಇರುವುದರಿಂದ, ಸ್ವಲ್ಪ ಓಡಿಸಿ ಮತ್ತೊಮ್ಮೆ ಬದಲಿಸುವುದು ಲೇಸು.