ಮಹಾತ್ಮ್ಯೆಯ ಯ ಒತ್ತು

ಹರಕೆಯ ಯಕ್ಷಗಾನದ, ಅಂದರೆ ಸೇವೆಯಾಟದ, ಆಮಂತ್ರಣದ ಕರಡು ಮೊಬೈಲಿಗೆ ಬಂದಾಗ ನಾನು ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ತೆರೆದು ನೋಡಿದರೆ ‘ಮಹಾತ್‌ಮ್‌ಯೆ’ ಎಂದಿತ್ತು. ‘ದುರ್ಗಾಪರಮೇಶ್ವರೀ’ ‘ದುರ್‌ಗಾಪರಮೇಶ್‌ವರೀ’ ಆಗಿತ್ತು. ಕೆಳಗಿರಬೇಕಾದ ಒತ್ತುಗಳೆಲ್ಲ ಮೇಲೆ ಹತ್ತಿ ಬಂದು ಸಾಲಾಗಿ ನಿಂತಿದ್ದವು. ಬಂದ ಬಸ್ಸನ್ನು ಬಿಟ್ಟು ನಡೆದುಕೊಂಡೇ ಪ್ರೆಸ್ಸಿಗೆ ಹೊರಟೆ.

ಎಕ್ಕಾರಿನ ಮಾವನ ಮನೆಯವರು ಕಟೀಲು ಮೇಳದ ಆಟಕ್ಕೆ ವರ್ಷಗಟ್ಟಲೆ ಕಾದಿದ್ದರು. ಕೊನೆಗೂ ದಿನ ಸಿಕ್ಕಿತು. ಪ್ರಸಂಗ ‘ಶ್ರೀ ದೇವೀ ಮಹಾತ್ಮ್ಯೆ’. ಹೊಸ ಫಾಂಟ್ ಬಂತೆಂದರೆ ಊಟ ಬಿಟ್ಟಾದರೂ ನೋಡುವವನು ನಾನೆಂದು ಮಾವನಿಗೆ ಗೊತ್ತು. ಆಮಂತ್ರಣದ ಕೆಲಸವನ್ನು ನನಗೇ ಒಪ್ಪಿಸಿದರು.

ಎರಡು ವಾರ ಸಂಜೆಯ ಹೊತ್ತೆಲ್ಲ ಅದರಲ್ಲೇ ಕಳೆಯಿತು. ಹೊಸ ಕನ್ನಡ ಫಾಂಟ್ ಕೈಗೆ ಬಂದರೆ ಎಲ್ಲರೂ ಮೊದಲು ತಲೆಕಟ್ಟು ನೋಡುತ್ತಾರೆ, ನಾನು ಅಕ್ಷರದ ಅಡಿ ನೋಡುತ್ತೇನೆ. ಹೆಚ್ಚಿನ ಒತ್ತುಗಳು ಮೂಲ ಅಕ್ಷರದ ತಲೆಕಟ್ಟು ತೆಗೆದ ರೂಪಗಳೇ. ಆದರೆ ತ, ನ, ಮ, ಯ, ರ, ಲ ಈ ಆರಕ್ಕೆ ಬೇರೆಯದೇ ಆಕಾರವಿದೆ. ವಿನ್ಯಾಸಕಾರರ ಕೈ ಎಷ್ಟು ಪಳಗಿದೆ ಎಂಬುದು ಅಲ್ಲಿ ತಿಳಿಯುತ್ತದೆ. ಹಾಗಾಗಿ ಮೊದಲು ಟೈಪ್ ಮಾಡುವ ಪದಗಳು ಯಾವಾಗಲೂ ಇವೇ: ರಾಷ್ಟ್ರ, ಸ್ವಾತಂತ್ರ್ಯ, ತ್ರೈಮಾಸಿಕ, ಮಹಾತ್ಮ್ಯೆ. ಎಕ್ ಟೈಪ್ ಸಂಸ್ಥೆಯ ‘ಬಾಲೂ ತಮ್ಮ’ ಫಾಂಟ್ ಅಂಗಡಿ ಬೋರ್ಡಿಗೆ ಚೆಂದ, ದೇವಿಯ ಹೆಸರಿಗೆ ತೀರಾ ದುಂಡಗಾಯಿತು. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ ‘ಅಕಾಯ ಕನಡಕ’ ನನಗೆ ಬಹಳ ಇಷ್ಟ. ಆದರೆ ಅದರ ಕುಣಿತ ಹಿರಿಯರ ಕಣ್ಣಿಗೆ ಹಿಡಿಸುವುದು ಕಷ್ಟ. ಕೊನೆಗೆ ಶೀರ್ಷಿಕೆಗೆ ಎಕ್ ಟೈಪ್‌ನವರದೇ ‘ಅನೇಕ್ ಕನ್ನಡ’, ಒಳಗಿನ ಬರಹಕ್ಕೆ ‘ನೋಟೋ ಸೆರಿಫ್ ಕನ್ನಡ’ ಎಂದು ನಿಶ್ಚಯಿಸಿದೆ. ಅನೇಕ್‌ನಲ್ಲಿ ದಪ್ಪವನ್ನಷ್ಟೇ ಅಲ್ಲ, ಅಗಲವನ್ನೂ ಹಿಗ್ಗಿಸಿ ಕುಗ್ಗಿಸಬಹುದು. ಉದ್ದ ಹೆಸರುಗಳ ನಮ್ಮ ಆಮಂತ್ರಣಗಳಿಗೆ ಅದು ದೊಡ್ಡ ಅನುಕೂಲ.

ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದಿದ್ದ ಹುಡುಗ ಒಳ್ಳೆಯವನು. ಇಷ್ಟು ವರ್ಷ ಹಳೆಯ ಫಾಂಟುಗಳಲ್ಲೇ ಕೆಲಸ ಮಾಡಿ ಅಭ್ಯಾಸ. “ಸರ್, ಈ ಯೂನಿಕೋಡ್ ಹೀಗೆಯೇ. ‘ಮಹಾತ್ಮೆ’ ಎಂದು ಹಾಕೋಣವೇ? ಒಂದು ಒತ್ತಾದರೂ ಕಡಿಮೆಯಾಗುತ್ತದೆ” ಎಂದ. ಮಾವನಿಗೂ ಫೋನ್ ಮಾಡಿದ್ದನಂತೆ. ಅವರೂ “ಎಲ್ಲರೂ ಹೇಳುವುದು ಮಹಾತ್ಮೆ ಎಂದೇ ಅಲ್ಲವೇ, ಹಾಕಲಿ ಬಿಡು” ಎಂದರು. ಹಾಗೆ ಬರೆಯುವುದು ತಪ್ಪೆಂದು ನಾನು ಹೇಳುವುದಿಲ್ಲ. ಆಡುಮಾತಿನಲ್ಲಿ ಅದೇ ಇರುವುದು. ಆದರೆ ಯಂತ್ರಕ್ಕೆ ಕಷ್ಟವಾಗುತ್ತದೆಂದು ಕಾಗುಣಿತ ಬದಲಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ತಪ್ಪು ಫಾಂಟಿನದ್ದಾಗಿರಲಿಲ್ಲ. ‘ತ, ಹಲಂತ (ಸ್ವರ ತೆಗೆಯುವ ಚಿಹ್ನೆ), ಮ’ ಎಂದು ಬಂದರೆ ಮಕಾರವನ್ನು ಒತ್ತಾಗಿಸಿ ಕೆಳಗೆ ಕೂರಿಸಬೇಕೆಂಬ ನಿಯಮ ಫಾಂಟಿನ ಒಳಗೇ ಇರುತ್ತದೆ. ಅದನ್ನು ಓದುವ ಕೆಲಸ ಪುಟ ಜೋಡಿಸುವ ತಂತ್ರಾಂಶದ್ದು. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಆಯ್ಕೆಗಳಿಗೆ ಹೋಗಿ ‘ವರ್ಲ್ಡ್-ರೆಡಿ’ ಕಂಪೋಸರನ್ನು ಆರಿಸಿಕೊಳ್ಳಬೇಕು. ಹುಡುಗನ ಪಕ್ಕದಲ್ಲಿ ಕುಳಿತು ಅದನ್ನು ಆರಿಸಿದ್ದೇ ತಡ, ಮೇಲೆ ನಿಂತಿದ್ದ ಒತ್ತುಗಳೆಲ್ಲ ಸರಕ್ಕನೆ ಕೆಳಗಿಳಿದು ತಮ್ಮ ತಮ್ಮ ಜಾಗದಲ್ಲಿ ಕುಳಿತವು. ಹುಡುಗ “ಓ!” ಎಂದ. ನಾನು ಹಲವು ಬಾರಿ ಕಂಡಿದ್ದೇನೆ, ಆದರೂ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ತೊಡಕಿತ್ತು. ಸಾಲುಗಳ ನಡುವಿನ ಅಂತರ ತಾನಾಗಿಯೇ ಅಕ್ಷರದ ಅಳತೆಯ ಶೇಕಡಾ 120ರಷ್ಟಿತ್ತು. ಇಂಗ್ಲಿಷಿಗೆ ಅದು ಸಾಕು. ನಮಗೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ದೀರ್ಘಕ್ಕೆ ತಾಗುತ್ತದೆ. 12 ಪಾಯಿಂಟ್ ಅಕ್ಷರಕ್ಕೆ 19 ಪಾಯಿಂಟ್ ಅಂತರ ಕೊಟ್ಟ ಮೇಲೆ ಪುಟಕ್ಕೆ ಉಸಿರು ಬಂತು.

ಇಷ್ಟು ಹೊತ್ತೂ ಮೂಲೆಯ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದ ಹಿರಿಯರು ಎದ್ದು ಬಂದರು. ಮಾಲೀಕರ ತಂದೆ, ಹಿಂದೆ ಅಚ್ಚಿಗೆ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. “ನಿಮ್ಮ ಹಠ ಸರಿ ಮಾರಾಯರೇ. ಯ ಒತ್ತಿನ ಮೊಳೆ ಸಾಲದೆ ಹೋದಾಗ ನಾವೂ ಮಹಾತ್ಮೆ ಮಾಡಿದ್ದಿದೆ. ಆಗ ಬೇರೆ ದಾರಿ ಇರಲಿಲ್ಲ” ಎಂದು ಮೇಜಿನ ಖಾನೆಯಿಂದ ಒಂದು ಹಳೆಯ ಮಾತ್ರೆ ಡಬ್ಬಿ ತೆಗೆದರು. ಮೊಳೆಗಳನ್ನು ಗುಜರಿಗೆ ತೂಕಕ್ಕೆ ಹಾಕಿದ ದಿನ ಉಳಿಸಿಕೊಂಡ ಒಂದು ಮುಷ್ಟಿ.

ಒಂದನ್ನು ನನ್ನ ಅಂಗೈ ಮೇಲೆ ಇಟ್ಟರು. ಸೀಸ, ತವರ, ಆಂಟಿಮೊನಿ ಬೆರೆತ ಸಣ್ಣ ಕಂಬ, ಒಂದು ಇಂಚಿಗೂ ತುಸು ಕಡಿಮೆ. ಗಾತ್ರಕ್ಕೆ ಮೀರಿದ ಭಾರ. ತುದಿಯ ಮುಖದಲ್ಲಿ ಮುಕ್ಕಾಲು ಭಾಗ ಬರಿದು. ಒಂದು ಅಂಚಿನಲ್ಲಿ ಮಾತ್ರ ಉಬ್ಬಿದ ಗೆರೆ, ಹಳೆಯ ಮಸಿ ಇನ್ನೂ ಅಂಟಿಕೊಂಡಿತ್ತು. ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾದ ಮ ಒತ್ತು. ಒತ್ತಿಗೂ ಅಕ್ಷರದಷ್ಟೇ ಎತ್ತರದ ಸ್ವಂತ ಮೊಳೆ. ಎರಡು ಮೊಳೆ ಒಂದೇ ಜಾಗದಲ್ಲಿ ನಿಲ್ಲುವಂತಿಲ್ಲವಲ್ಲ. ಹಾಗಾಗಿ ಒತ್ತು ಅಕ್ಷರದ ಬಲಕ್ಕೆ ಸರಿದು ನಿಲ್ಲಬೇಕಿತ್ತು. ಹಳೆಯ ಪುಸ್ತಕಗಳಲ್ಲಿ ಒತ್ತುಗಳ ಮೇಲೆ ಯಾಕೆ ಅಷ್ಟೊಂದು ಬಿಳಿ ಜಾಗ ಎಂದು ನನಗಿದ್ದ ಪ್ರಶ್ನೆಗೆ ಉತ್ತರ ಆ ಅಂಗೈಯಲ್ಲಿತ್ತು.

ನಾನು ಅವರಿಗೆ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ದ ವಿಷಯ ಹೇಳಿದೆ. 1843ರಲ್ಲಿ ಜರ್ಮನ್ ಪಾದ್ರಿ ಮೋಗ್ಲಿಂಗ್ ಅದನ್ನು ಹೊರತಂದದ್ದು ಕಲ್ಲಚ್ಚಿನಲ್ಲಿ, ಇಲ್ಲೇ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಕಲ್ಲಚ್ಚಿನಲ್ಲಿ ಕೈಬರಹವೇ ಅಚ್ಚಾಗುತ್ತದೆ, ಒತ್ತನ್ನು ಎಲ್ಲಿ ಇಡಬೇಕೆಂದು ಬರೆಯುವ ಕೈಯೇ ತೀರ್ಮಾನಿಸುತ್ತದೆ. ಮೊಳೆ ಆ ಸ್ವಾತಂತ್ರ್ಯವನ್ನು ಕಸಿಯಿತು. ಈಗಿನ ಫಾಂಟುಗಳಲ್ಲಿ ಅದು ಮರಳಿ ಬಂದಿದೆ. ಹಿರಿಯರು ಒಂದು ಕ್ಷಣ ಸುಮ್ಮನಿದ್ದು, “ಹಾಗಾದರೆ ಟೈಪ್ ಮಾಡುವಾಗ ಎಷ್ಟು ಸಲ ಕೈ ಓಡಬೇಕು?” ಎಂದು ಕೇಳಿದರು. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಒತ್ತು ಕೊಡುವುದಕ್ಕೆ ಎಫ್ ಕೀಲಿ. ‘ತ್ಮ್ಯೆ’ಗೆ ಟಿ, ಎಫ್, ಎಂ, ಎಫ್, ವೈ, ಇ. ಒತ್ತಿ ತೋರಿಸಿದೆ. ಅವರು ಬೆರಳು ಮಡಚಿ ಎಣಿಸಿದರು. “ಆರು. ನಮಗೆ ಮೂರೇ ಮೊಳೆ. ಆದರೆ ನೂರಾರು ಖಾನೆಗಳಲ್ಲಿ ಆ ಮೂರನ್ನು ಹುಡುಕಬೇಕು.”

ಸಂಜೆ ಐದರ ಹೊತ್ತಿಗೆ ಮುದ್ರಣ ಶುರುವಾಯಿತು. ಮೊದಲ ಪ್ರತಿ ಹೊರಬಂದಾಗ ಹುಡುಗ ಅದನ್ನು ನನಗೆ ಕೊಡಲು ಬಂದ. ಹಿರಿಯರ ಕಡೆ ಕೈ ತೋರಿಸಿದೆ. ಅವರು ಕನ್ನಡಕ ಸರಿಪಡಿಸಿಕೊಂಡು ಟ್ಯೂಬ್‌ಲೈಟಿನ ಕೆಳಗೆ ಹಾಳೆಯನ್ನು ಓರೆಯಾಗಿ ಹಿಡಿದರು. ಹೆಬ್ಬೆರಳಿನ ಉಗುರನ್ನು ‘ಮಹಾತ್ಮ್ಯೆ’ಯ ಅಡಿಯಲ್ಲಿ ಮ ಒತ್ತಿನಿಂದ ಯ ಒತ್ತಿನ ಬಾಲದವರೆಗೆ ಮೆಲ್ಲನೆ ಎಳೆದರು.

“ಆಟದ ಚೌಕಿ ಪೂಜೆ ಎಷ್ಟು ಗಂಟೆಗೆ?” ಎಂದು ಕೇಳಿ, ಹಾಳೆಯನ್ನು ಮಡಚದೆ ಪುಸ್ತಕದೊಳಗೆ ಇಟ್ಟುಕೊಂಡರು.