ಚಾಕುವಿಗೆ ತಕ್ಕ ಸಾಣೆಕಲ್ಲು

ಚಾಕುವನ್ನು ಕೈಯಿಂದಲೇ ಮಸೆಯಲು ಯಾವ ಕಲ್ಲು ಕೊಳ್ಳಬೇಕೆಂದು ಮುಂಬೈಯ ಮಾಟುಂಗದ ಕನ್ನಡಿಗ ಗೆಳೆಯರು ಕೇಳಿದಾಗಲೆಲ್ಲ, ಮೊದಲು 1000 ಗ್ರಿಟ್‌ನ ಒಂದೇ ಒಂದು ಒಳ್ಳೆಯ ನೀರುಕಲ್ಲು, ಅಂದರೆ ನೀರು ಹಾಕಿ ಮಸೆಯುವ ಕಲ್ಲು, ಸಾಕು ಎನ್ನುತ್ತೇನೆ. ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ. ಅಂಚು ಮುಕ್ಕಾಗಿದ್ದರೆ 400ರ ಒರಟು ಕಲ್ಲು ಬೇಕಾಗುತ್ತದೆ. 3000ಕ್ಕಿಂತ ನಯವಾದದ್ದು ತರಕಾರಿ ಹೆಚ್ಚುವ ಸಾಮಾನ್ಯ ಸ್ಟೀಲ್ ಚಾಕುವಿಗೆ ಅನಗತ್ಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಗ್ರಿಟ್‌ಗಿಂತ ಮುಖ್ಯವಾದದ್ದು ಕೋನ. ಕಲ್ಲಿಗೆ ಸುಮಾರು 15ರಿಂದ 20 ಡಿಗ್ರಿಯಲ್ಲಿ ಅಲುಗನ್ನು ಸ್ಥಿರವಾಗಿ ಹಿಡಿದು ಮಸೆಯುತ್ತಾ ಹೋದಂತೆ, ಎದುರು ಬದಿಯಲ್ಲಿ ಅಲುಗಿನ ಬೆನ್ನಿನಿಂದ ಅಂಚಿನ ಕಡೆಗೆ ಬೆರಳು ಸವರಿದಾಗ, ಕೂದಲೆಳೆಯಷ್ಟು ತೆಳುವಾದ ಲೋಹದ ಮಡಿಕೆ ತಡೆಯುತ್ತದೆ. ಅದು ಹಿಡಿಯಿಂದ ತುದಿಯವರೆಗೂ ಮೂಡುವ ಮುನ್ನ ಮಗ್ಗುಲು ಬದಲಿಸಬಾರದು.

ಪರಿಕರಗಳಲ್ಲಿ ನಾನು ಬಿಡಲಾರದ್ದು ಕಲ್ಲನ್ನು ಸಮತಟ್ಟು ಮಾಡುವ ಡೈಮಂಡ್ ಪ್ಲೇಟ್, ಏಕೆಂದರೆ ನಡುವೆ ಸವೆದು ಕುಳಿಬಿದ್ದ ಕಲ್ಲಿನ ಮೇಲೆ ಎಂಥ ಪಳಗಿದ ಕೈಗೂ ಕೋನ ನಿಲ್ಲುವುದಿಲ್ಲ. ಉಳಿದ ಮಡಿಕೆ ತೆಗೆಯಲು ಚರ್ಮದ ಪಟ್ಟಿ, ಕಲ್ಲು ಜಾರದಿರಲು ಕೆಳಗೊಂದು ಒದ್ದೆ ಬಟ್ಟೆ ಇದ್ದರಾಯಿತು. ಮುಂಬೈಯ ಮಳೆಗಾಲದಲ್ಲಿ ಕಲ್ಲು ಬೇಗ ಒಣಗದು. ಹಾಗೆಂದು ಬಿಸಿಲಿಗೋ ಒಲೆಯ ಪಕ್ಕಕ್ಕೋ ಇಟ್ಟರೆ ಬಿರುಕು ಬಿಡಬಹುದು, ಆದ್ದರಿಂದ ಫ್ಯಾನಿನ ಗಾಳಿಯಲ್ಲಿ ನಿಧಾನವಾಗಿ ಒಣಗಿಸಿ, ಚಾಕು ಕಾರ್ಬನ್ ಸ್ಟೀಲಿನದಾಗಿದ್ದರೆ ಕೂಡಲೇ ಒರೆಸಿ ಎಣ್ಣೆ ಸವರಿಡಿ.