ಪ್ರಶ್ನೆ ಚಿಹ್ನೆ ಹಾಕಿ ಬರೆದ ಒಂದು ಸಾಲು

2018ರ ಆಗಸ್ಟ್. ಬೆಂಗಳೂರಿನ ಒಂದು ಸುದ್ದಿವಾಹಿನಿಯ ಡೆಸ್ಕಿನಲ್ಲಿ ನನಗೆ ಬೆಳಗಿನ ಪಾಳಿ. ಮಡಿಕೇರಿಯ ಗುಡ್ಡದಂಚಿನ ಮನೆಯೊಂದು ಮಣ್ಣಿನ ಜೊತೆಗೇ ಜಾರಿ ಕೆಳಗುರುಳುವ ವಿಡಿಯೋ ವಾಟ್ಸ್ಯಾಪಿನಲ್ಲಿ ಬಂತು. ಕೆಲವೇ ಸೆಕೆಂಡುಗಳ ದೃಶ್ಯ. ಪರದೆಯ ಕೆಳಗೆ ದೊಡ್ಡಕ್ಷರದಲ್ಲಿ ಬರುವ ಸಾಲು ಬರೆಯುವುದು ನನ್ನ ಕೆಲಸ. ‘ಮಡಿಕೇರಿ: ಗುಡ್ಡ ಕುಸಿದು ಮನೆ ನೆಲಸಮ’ ಎಂದು ಟೈಪ್ ಮಾಡಿದೆ. ಹಿಂದೆ ನಿಂತಿದ್ದ ಪಾಳಿ ಮುಖ್ಯಸ್ಥರು, “ಇದ್ರಲ್ಲೇನೂ ಇಲ್ವಲ್ಲಪ್ಪ, ಸ್ವಲ್ಪ ಏರ್ಸು” ಅಂದರು. ಏರಿಸಿದೆ. ‘ಭೂಪಟದಿಂದಲೇ ಕಣ್ಮರೆಯಾಗುತ್ತಾ ಕೊಡಗು?’

ಆ ಪ್ರಶ್ನೆ ಚಿಹ್ನೆಯ ಉಪಯೋಗ ಡೆಸ್ಕಿನಲ್ಲಿ ಕೂತವರಿಗೆಲ್ಲ ಗೊತ್ತು. ನಾಳೆ ಯಾರಾದರೂ ತಕರಾರು ತೆಗೆದರೆ, ನಾವು ಕೇಳಿದ್ದಷ್ಟೇ, ಹೇಳಿಲ್ಲ ಅನ್ನಬಹುದು. ಮನೆಯಲ್ಲಿ ಕೂತು ನೋಡುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಅವರಿಗೆ ಕಾಣುವುದು ‘ಕಣ್ಮರೆ’ ಮತ್ತು ‘ಕೊಡಗು’, ಎರಡೇ ಪದ.

ವಿಡಿಯೋವನ್ನು ಲೂಪಿಗೆ ಹಾಕಿದೆವು. ಮೂಲದಲ್ಲಿಲ್ಲದ ಗುಡುಗಿನ ಸದ್ದು ಬೆರೆಸಿದೆವು. ಬೀಳುವ ಕ್ಷಣಕ್ಕೊಂದು ಕೆಂಪು ವೃತ್ತ. ಮಧ್ಯಾಹ್ನದ ಹೊತ್ತಿಗೆ ಆ ಒಂದೇ ಮನೆ ಎಷ್ಟು ಸಲ ಬಿತ್ತೋ ಲೆಕ್ಕವಿಲ್ಲ. ಅಡುಗೆಮನೆಯಿಂದ ಹೋಗಿ ಬಂದು ಟಿವಿ ನೋಡುವವರಿಗೆ ಸಾಲುಸಾಲು ಮನೆಗಳು ಉರುಳುತ್ತಿವೆ ಅನ್ನಿಸಿದ್ದರೆ ತಪ್ಪು ಅವರದಲ್ಲ.

ಗೋಣಿಕೊಪ್ಪದಲ್ಲಿ ನಮ್ಮ ಚಿಕ್ಕಮ್ಮ ಇದ್ದಾರೆ. ಊಟದ ಹೊತ್ತಿಗೆ ಅವರ ಫೋನ್ ಬಂತು. “ಬೆಳಿಗ್ಗೆಯಿಂದ ಹದಿನೇಳು ಜನ ಫೋನ್ ಮಾಡಿದ್ರು ಕಣೋ, ಬದುಕಿದ್ದೀರಾ ಅಂತ. ಮಳೆ ಜೋರಿದೆ, ಕರೆಂಟಿಲ್ಲ, ಅಷ್ಟೇ. ಹಾಲು ಬಂದಿದೆ, ಅಂಗಡಿನೂ ತೆಗೆದಿದಾರೆ. ಅದ್ಯಾವನೋ ಕೊಡಗೇ ಹೋಯ್ತು ಅಂತ ಟಿವೀಲಿ ಹಾಕಿದಾನಂತೆ.” ಅವನು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ.

ಆ ವಾರ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಆದದ್ದು ಭೀಕರವೇ. ಜನ ಸತ್ತರು, ಕಾಫಿ ತೋಟಗಳು ಗುಡ್ಡದ ಸಮೇತ ಕೊಚ್ಚಿಹೋದವು, ಮಡಿಕೇರಿ–ಮಂಗಳೂರು ಹೆದ್ದಾರಿ ಬಂದ್ ಆಯಿತು. ಈ ಊರುಗಳ ಹೆಸರನ್ನೇ ದಿನವಿಡೀ ಪರದೆಯ ಮೇಲೆ ಓಡಿಸಬೇಕಿತ್ತು. ಅಕ್ಕಿ, ಕಂಬಳಿ ಹೇರಿಕೊಂಡು ಹೊರಟ ಲಾರಿಯವನಿಗೂ, ಪರದೇಶದಲ್ಲಿ ಕೂತು ಅಪ್ಪ ಅಮ್ಮನ ಫೋನ್ ಸಿಗದೆ ಒದ್ದಾಡುವ ಮಗನಿಗೂ ಬೇಕಾಗಿದ್ದು ಅವೇ. ನಾವು ಕೊಟ್ಟಿದ್ದು ‘ಜಲಪ್ರಳಯ’, ‘ಮರಣಮೃದಂಗ’. ಸುದ್ದಿಯ ರೋಚಕತೆ ಅಂದರೆ ಸುಳ್ಳು ಹೇಳುವುದು ಎಂದು ತುಂಬ ಜನ ಅಂದುಕೊಂಡಿದ್ದಾರೆ. ಅಂದು ನಾವು ತೋರಿಸಿದ ಮನೆ ನಿಜದ್ದು, ಬಿದ್ದದ್ದೂ ನಿಜ. ಊರಿನ ಹೆಸರು ಇರಬೇಕಾದ ಜಾಗದಲ್ಲಿ ಒಂದು ವಿಶೇಷಣ ತಂದು ಕೂರಿಸಿದೆವು, ನನ್ನ ಮಟ್ಟಿಗೆ ರೋಚಕತೆ ಅಂದರೆ ಇದೇ. (ರೋಚಕಕ್ಕೂ ರುಚಿಗೂ ಮೂಲ ಒಂದೇ. ಸಾವಿನ ಸುದ್ದಿಗೆ ರುಚಿ ಹಚ್ಚುವುದು ಎಂದು ಬಿಡಿಸಿ ಓದಿದಾಗ ಈಗಲೂ ಮೈ ಜುಮ್ಮೆನ್ನುತ್ತದೆ.)

ಎಲ್ಲದಕ್ಕೂ ಟಿಆರ್‌ಪಿ ಕಾರಣ ಅನ್ನುತ್ತಾರೆ. ನಾನೂ ಹಾಗೇ ನಂಬಿದ್ದೆ. ಯಾವ ವಾಹಿನಿಯನ್ನು ಎಷ್ಟು ಜನ ನೋಡಿದರು ಎಂದು ಲೆಕ್ಕ ಹಾಕುವ ಬಾರ್ಕ್ ಸಂಸ್ಥೆಯ ಅಂಕಿ ಬರುವ ಗುರುವಾರ ಬಂತೆಂದರೆ ಆಫೀಸಿನಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. 2020ರ ಅಕ್ಟೋಬರಿನಲ್ಲಿ ಸುದ್ದಿವಾಹಿನಿಗಳ ರೇಟಿಂಗ್ ನಿಂತಿತು, ಮತ್ತೆ ಶುರುವಾಗಿದ್ದು 2022ರ ಮಾರ್ಚಿನಲ್ಲಿ. ಅಷ್ಟೂ ತಿಂಗಳು ನಾನು ಅದೇ ಕುರ್ಚಿಯಲ್ಲಿದ್ದೆ. ‘ಬೆಚ್ಚಿಬೀಳಿಸುವ’ ಎಂಬ ಪದ ಬರೆಯದ ದಿನ ಒಂದೂ ನೆನಪಿಲ್ಲ. ಅಂಕಿ ಇರಲಿಲ್ಲ, ಕೈಗೆ ಹತ್ತಿದ ಚಟ ಇತ್ತು.

ಚಿಕ್ಕಮ್ಮ ಮಹಡಿಯ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಿದ್ದಾರೆ. ಗೋಣಿಕೊಪ್ಪದ ದಸರಾಕ್ಕೆ ಪ್ರತಿವರ್ಷ ಬರುತ್ತಿದ್ದ ಕುಟುಂಬವೊಂದು ಗುಡ್ಡ ಕುಸಿದ ಆ ವರ್ಷ ಬರಲಿಲ್ಲ. “ನಿಮ್ಮೂರೇ ಇಲ್ಲ ಅಂತ ಟಿವೀಲಿ ನೋಡಿದ್ವಲ್ಲ” ಅಂದರಂತೆ. ಕೋಣೆಗಳಿಗೆ ಡಿಸೆಂಬರ್‌ವರೆಗೂ ಬೀಗವೇ.

ಕೆಲಸ ಬಿಟ್ಟ ಮೇಲೆ ಒಮ್ಮೆ ಅವರ ಮನೆಗೆ ಹೋದಾಗ, ಆ ಸಾಲು ಬರೆದವನು ನಾನೇ ಎಂದು ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲು ಏನಂತ ಬರೆದಿದ್ದೆ?” ಅಂತ ಕೇಳಿದರು. ಹೇಳಿದೆ.

“ಅದೇ ಸರಿ ಇತ್ತಲ್ಲೋ” ಅಂದವರು, ಕಾಫಿ ಸೋಸಲು ಒಳಗೆ ಹೋದರು.